ಮಿಸ್ ಮಾರ್ಷ್ ಬರೆದ ಷರಾ

ಕ್ಲೀವ್‌ಲ್ಯಾಂಡಿನ ಹೊರವಲಯದ ಆ ಹೈಸ್ಕೂಲಿಗೆ ತರಬೇತಿಯ ಟೀಚರಾಗಿ ಬಂದಾಗ ಗ್ರೆಚೆನ್ ಮಾರ್ಷ್‌ಗೆ ಇಪ್ಪತ್ತೆರಡು ವರ್ಷ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ನೋಟ್‌ಬುಕ್ಕು, ತಲೆಯಲ್ಲಿ ಬೇಸಿಗೆ ರಜೆಯೊಳಗೆ ಲೋಕವನ್ನೇ ಸರಿಮಾಡುವ ಯೋಜನೆ. ಕಂಡದ್ದನ್ನೆಲ್ಲ ಬರೆದುಕೊಳ್ಳುವುದು ಅವಳ ಚಾಳಿ. ಊಟದ ಹಾಲಿನಲ್ಲಿ ಯಾರ ಪಕ್ಕ ಯಾರು ಕೂತರೆಂದು ಬರೆದು ಮುಗಿಸುವಷ್ಟರಲ್ಲಿ ಅವಳ ಪಿಜ್ಜಾ ತಣ್ಣಗಾಗಿರುತ್ತಿತ್ತು.

ಮೊದಲ ವಾರವೇ ಒಂದು ಸಂಗತಿ ಅವಳ ಕಣ್ಣಿಗೆ ಬಿತ್ತು. ಗಂಟೆ ಹೊಡೆಯುವ ತನಕ ಕಪ್ಪು ಮಕ್ಕಳು, ಬಿಳಿ ಮಕ್ಕಳು, ಮೆಕ್ಸಿಕೋ ಕಡೆಯವರು ಎಲ್ಲ ಕಾರಿಡಾರಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಗಂಟೆ ಹೊಡೆದದ್ದೇ ತಡ, ಜರಡಿ ಹಿಡಿದಂತೆ ಬೇರೆಯಾಗುತ್ತಿದ್ದರು. 214ನೇ ಕೋಣೆಯ ಆನರ್ಸ್ ಚರಿತ್ರೆಗೆ, ಅಂದರೆ ಜಾಣರಿಗೆಂದೇ ಇಟ್ಟ ಮೇಲ್ಮಟ್ಟದ ತರಗತಿಗೆ, ಹೆಚ್ಚುಕಡಿಮೆ ಬಿಳಿಯರೇ. 216ರ ಸಾಮಾನ್ಯ ತರಗತಿಗೆ ಮಿಕ್ಕವರು, ಜೊತೆಗೆ ಮೂರೇ ಮೂರು ಬಿಳಿ ಮುಖ. ಬೇರೆ ಬೇರೆ ಪೀರಿಯಡ್ಡಿನಲ್ಲಿ ಎರಡಕ್ಕೂ ಮೇಷ್ಟ್ರು ಒಬ್ಬರೇ, ಮೂವತ್ತು ವರ್ಷ ಸರ್ವೀಸಿನ ಡ್ಯೂಗನ್. ಗ್ರೆಚೆನ್‌ಗೆ ನಿಜಕ್ಕೂ ಸಂಕಟವಾಯಿತು. ತಪ್ಪು ಯಾರದೆಂದೂ ಅಂದೇ ತೀರ್ಮಾನಿಸಿದಳು: ಡ್ಯೂಗನ್‌ನದು. ಕಾಫಿ ಲೋಟ ತೊಳೆಯದ ಮನುಷ್ಯ ಬೇರೆ.

ಫೆಬ್ರವರಿಯಲ್ಲಿ ಮುಂದಿನ ವರ್ಷದ ತರಗತಿಗಳ ಆಯ್ಕೆ. 216ರಿಂದ ಆನರ್ಸ್‌ಗೆ ಹೋಗಬೇಕಾದರೆ ಹಳದಿ ಫಾರಂಗೆ ಮೇಷ್ಟ್ರ ಸಹಿ ಬೇಕು. ಶುಕ್ರವಾರ ಕಡೆಯ ದಿನ. ಗುರುವಾರ ಟಿಯಾನಾ ಎಂಬ ಕಪ್ಪು ಹುಡುಗಿ ಸಹಿಯಿಲ್ಲದ ಫಾರಂ ಹಿಡಿದು ಬಂದಳು. 216ರಲ್ಲಿ ಪಠ್ಯಪುಸ್ತಕ ಮುಗಿಸಿ ಲೈಬ್ರರಿಯ ಪುಸ್ತಕಗಳಿಗೂ ಕೈಹಾಕಿದ್ದವಳು ಅವಳೊಬ್ಬಳೇ.

"ಮಿಸ್, ನಮ್ ಕ್ಲಾಸಿನ ಆ ಬಿಳಿ ಹುಡುಗ ಕಾನರ್‌ಗೆ ಸಹಿ ಸಿಕ್ತು. ನಂಗ್ಯಾಕಿಲ್ಲ? ಆನರ್ಸ್ ಇಲ್ದಿದ್ರೆ ಒಳ್ಳೆ ಕಾಲೇಜಿನೋರು ನನ್ ಅರ್ಜಿ ಮೂಸೂ ನೋಡಲ್ಲ."

"ಇಲ್ಲೇ ಇರು," ಎಂದು ಅವಳ ಕೈಯಿಂದ ಫಾರಂ ತೆಗೆದುಕೊಂಡಳು ಗ್ರೆಚೆನ್. ಮೂವತ್ತು ವರ್ಷದ ಅನ್ಯಾಯವನ್ನು ಮೂರು ನಿಮಿಷದಲ್ಲಿ ಮುಗಿಸುವ ಹುರುಪಿನಲ್ಲಿ ಸ್ಟಾಫ್ ರೂಮಿಗೆ ನುಗ್ಗಿದಳು.

"ಟಿಯಾನಾಗೆ ಯಾಕೆ ಸಹಿ ಹಾಕ್ಲಿಲ್ಲ ಸರ್? ಬಣ್ಣ ನೋಡಿ ತಾನೇ?"

ಡ್ಯೂಗನ್ ಸ್ಯಾಂಡ್‌ವಿಚ್ ಕೆಳಗಿಟ್ಟ. "ಅಬ್ಬಬ್ಬ, ಬಂದ್ರಪ್ಪ ನ್ಯಾಯಾಧೀಶರು! ಒಂದು ತಿಂಗ್ಳಿಂದ 216ಕ್ಕೆ ಪಾಠ ಮಾಡ್ತಿರೋದು ಯಾರಮ್ಮ?"

"ನಾನು."

"ಮಕ್ಕಳ ಬಗ್ಗೆ ಷರಾ ಬರ್ದಿದ್ದು?"

"ನಾನೇ."

"ಅದನ್ನ ನೋಡ್ಕೊಂಡೇ ನಾನು ಸಹಿ ಹಾಕಿದ್ದು. ಮಕ್ಕಳ ಮುಖ ನೋಡ್ದೇ ಹಾಕಿದ್ದು ನನ್ ಸೋಮಾರಿತನ, ಒಪ್ಕೋತೀನಿ. ತಗೋ, ಓದ್ಕೋ."

ಹಾಳೆಯಲ್ಲಿ ಅವಳದೇ ದುಂಡನೆಯ ಅಕ್ಷರ. ಕಾನರ್: 'ಕುತೂಹಲದ ಹುಡುಗ. ಪ್ರಶ್ನೆ ಕೇಳಲು ಹಿಂಜರಿಯುವುದಿಲ್ಲ.' ಟಿಯಾನಾ: 'ಪಾಠದ ನಡುವೆ ಬಾಯಿ ಹಾಕುತ್ತಾಳೆ. ಸಂಯಮ ಕಲಿಯಬೇಕು.'

ಇಡೀ ಶಾಲೆಯ ತಪ್ಪು ಬರೆದುಕೊಂಡವಳ ನೋಟ್‌ಬುಕ್ಕಿನಲ್ಲಿ ಇದೊಂದು ಬಿಟ್ಟುಹೋಗಿತ್ತು. ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಡ್ಯೂಗನ್ ಗೆದ್ದವನಂತೆ ನಗಲಿಲ್ಲ, ಪೆನ್ನು ಮುಂದೆ ತಳ್ಳಿದ. ಅವಳು ಷರಾ ಹೊಡೆದುಹಾಕಿ ಹೊಸದು ಬರೆದಳು, ಅವನು ಸಹಿ ಹಾಕಿದ.

ಫಾರಂ ಕೊಟ್ಟು ಸುಮ್ಮನಿದ್ದರೆ ತಪ್ಪೆಲ್ಲ ಡ್ಯೂಗನ್ ತಲೆಗೆ, ಹೋರಾಡಿ ಗೆದ್ದ ಹೆಸರು ತನಗೆ. ಕಾರಿಡಾರಿನುದ್ದಕ್ಕೂ ಆ ಆಸೆ ಅವಳ ಬೆನ್ನುಹತ್ತಿದ್ದು ಸುಳ್ಳಲ್ಲ. ಆದರೆ ಹುಡುಗಿಯ ಮುಖ ನೋಡಿದ ಮೇಲೆ ಆಗಲಿಲ್ಲ.

"ತಡೆದಿದ್ದು ನಾನು ಟಿಯಾನಾ. ನೀನು ನಡುವೆ ಬಾಯಿ ಹಾಕ್ತೀಯ ಅಂತ ಬರ್ದಿದ್ದೆ. ತಪ್ಪಾಯ್ತು."

"ಬಿಡುಗಡೆಯಾದ ಗುಲಾಮರಿಗೆ ಜಮೀನು ಯಾಕೆ ಸಿಗ್ಲಿಲ್ಲ ಅಂತ ಕೇಳಿದ್ನಲ್ಲ, ಅವತ್ತಾ?"

ಗ್ರೆಚೆನ್ ಹೌದೆಂದು ತಲೆಯಾಡಿಸಿದಳು. ಟಿಯಾನಾ ಫಾರಂ ಮಡಿಸಿ ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

"ನಂಗೆ 'ಆಮೇಲೆ' ಅಂದ್ರಿ ಮಿಸ್. ಐದು ನಿಮಿಷ ಬಿಟ್ಟು ಕಾನರ್ ಅದನ್ನೇ ಕೇಳ್ದ. ಅವನ ಪ್ರಶ್ನೆನ ಬೋರ್ಡ್ ಮೇಲೆ ಬರೆದ್ರಿ."