ಮಿಕ್ಸಿಯ ತವರುಮನೆ

ಅಬ್ಬಿಗೆರೆಯ ಯಶೋಧಾಳ ಮಿಕ್ಸಿ ಅವಳ ಮನೆಯಲ್ಲಿರಲಿಲ್ಲ. ಕೆಳಗಿನ ಬಾಡಿಗೆ ಮನೆಯ ಫರ್ಹೀನಳ ಅಡುಗೆಮನೆಯಲ್ಲಿತ್ತು. ದಿನಾ ಬೆಳಗ್ಗೆ ಕಾಯಿತುರಿ, ಹಸಿಮೆಣಸಿನಕಾಯಿ ತುಂಬಿದ ಜಾರ್ ಹಿಡಿದು ಮೆಟ್ಟಿಲಿಳಿಯಬೇಕು, ರುಬ್ಬಿಕೊಂಡು ಮತ್ತೆ ಹತ್ತಬೇಕು, ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿರುತ್ತಿತ್ತು.

“ಹೆಣ್ಮಕ್ಳಿಗೆ ತವರುಮನೆ ಇರೋದ್ ಕಂಡಿದ್ದೆ. ನಮ್ಮನೇಲಿ ಮಿಕ್ಸಿಗೂ ಐತೆ ನೋಡು,” ಎಂದು ಅತ್ತೆ ಗೌರಮ್ಮ ಚುಚ್ಚುತ್ತಿದ್ದರು.

ಮೇಲೆ ಮೋನಿಷಾ ಇದ್ದಳಲ್ಲ, ಅದಕ್ಕೆ. ಎಂಟು ವರ್ಷದ ಮಗಳು, ಆಟಿಸಂ ಇದೆ, ಮಾತು ಇನ್ನೂ ಬಂದಿಲ್ಲ. ಮಿಕ್ಸಿ ಗರ್ ಎಂದರೆ ಸಾಕು, ಕಿರುಚಿ, ತನ್ನ ಕೈ ತಾನೇ ಕಚ್ಚಿಕೊಂಡು, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಮನೆಯವರೆಲ್ಲ ಸುತ್ತ ಸೇರಿ “ಏನೂ ಇಲ್ಲ ಪುಟ್ಟಾ” ಎಂದು ಸಮಾಧಾನ ಮಾಡಿದಷ್ಟೂ ಹೆಚ್ಚುತ್ತಿತ್ತು. ಯಶೋಧಾ ಎಲ್ಲರನ್ನೂ ಆಚೆ ಕಳಿಸಿ, ಲೈಟ್ ಆರಿಸಿ, ನೆಲದ ಮೇಲೆ ಸುಮ್ಮನೆ ಕೂರುತ್ತಿದ್ದಳು. ಮಗಳು ತಾನಾಗಿ ಬಂದು ಒರಗಿದ ಮೇಲೆ ಹಳೇ ಸೀರೆ ಸುತ್ತಿ ಬಿಗಿಯಾಗಿ ಅಪ್ಪಿಕೊಳ್ಳುವುದು, ಉಸಿರು ಇಳಿಯುವವರೆಗೂ ತುಟಿ ಬಿಚ್ಚದಿರುವುದು. ಎದ್ದಾಗ ಸೊಂಟ ಹಿಡಿದಿರುತ್ತಿತ್ತು, ಅನ್ನ ಸೀದಿರುತ್ತಿತ್ತು.

ಈಗ ಫರ್ಹೀನ್ ಸೋಲದೇವನಹಳ್ಳಿಯಲ್ಲಿ ಸ್ವಂತ ಮನೆ ಕಟ್ಟಿಸಿಕೊಂಡು ಹೊರಟಿದ್ದಳು. ಸಾಮಾನೆಲ್ಲ ಗಾಡಿಗೆ ಹೇರಿದ ಮೇಲೆ ಮಿಕ್ಸಿಯನ್ನು ಮಗುವಿನಂತೆ ಎತ್ತಿಕೊಂಡು ಮೇಲೆ ಬಂದಳು.

“ತಗೊಳ್ಳಿ ಅಕ್ಕಾ, ನಿಮ್ ಸೊಸೇನ. ಇನ್ನು ನೀವೇ ಬಾಳಿಸ್ಕೋಬೇಕು.”

“ಮೋನಿ ಬಾಳಿಸ್ತಾಳಾ ಕೇಳು,” ಎಂದಳು ಯಶೋಧಾ. ನಗುವುದಕ್ಕೂ ಸುಸ್ತು.

“ನಮ್ಮನೆ ಬೆಲ್ ಬೇರೆಯವ್ರು ಒತ್ತಿದ್ರೆ ಅಳ್ತಾಳೆ, ಅವ್ಳೇ ಒತ್ತಿದ್ರೆ ಇಲ್ಲ. ಇದನ್ನೂ ಅವ್ಳ ಕೈಗೇ ಕೊಟ್ಟು ನೋಡಿ.”

ಮಿಕ್ಸಿ ಕಟ್ಟೆಯ ಮೂಲೆಯಲ್ಲಿ ಟವೆಲ್ ಹೊದ್ದು ಕೂತಿತು. ಒಂದು ವಾರ ಬರೀ ಚಟ್ನಿಪುಡಿ. ಗೌರಮ್ಮನ ಮುಖವೂ ಪುಡಿಯಂತೆ ಒಣಗಿತು. ಕೊನೆಗೆ ಭಾನುವಾರ ಯಶೋಧಾ ಮಗಳನ್ನು ಕರೆದು, ಟವೆಲ್ ತೆಗೆದು, ಕಾಯಿತುರಿ ಹಾಕಿದ ಜಾರ್ ಕೂರಿಸಿ, ಅವಳ ಬೆರಳನ್ನು ಗುಂಡಿಯ ಮೇಲಿಟ್ಟಳು.

“ನೀನೇ ಹಾಕು. ನೀನೇ ಆಫ್ ಮಾಡು.”

ಮೋನಿಷಾ ಕೈ ಕಿತ್ತುಕೊಂಡು ಎರಡೂ ಕಿವಿ ಮುಚ್ಚಿದಳು. ಕಿವಿ ಮುಚ್ಚಿದರೆ ಗುಂಡಿಗೆ ಕೈಯಿಲ್ಲ. ಯಶೋಧಾ ಮಗಳ ಹಿಂದೆ ಬಂದು, ಆ ಪುಟ್ಟ ಕೈಗಳ ಮೇಲೆ ತನ್ನ ಅಂಗೈ ಗಟ್ಟಿಯಾಗಿ ಒತ್ತಿದಳು. ಒಂದು ಪುಟ್ಟ ಕೈ ಮೆಲ್ಲಗೆ ಕೆಳಗಿಂದ ಜಾರಿ, ಗುಂಡಿಯ ಕಡೆ ಹೋಯಿತು.

“ಮುಚ್ಚಳ ಯಾರ್ ಇಡ್ಕೊಂತಾರೆ, ನಿಮ್ಮಪ್ಪನಾ?” ಬಾಗಿಲಲ್ಲಿ ಗೌರಮ್ಮ. “ಸೂರಿಗೆಲ್ಲ ಚಟ್ನಿ ಬಳೀತೀರ. ಸರ್ಕೊಳ್ಳಿ ಇಂಗೆ.”

ಅತ್ತೆ ಜಾರ್ ಅದುಮಿ ಹಿಡಿದರು. ಗರ್—ಟಕ್. ಆಫ್.

ಯಶೋಧಾ ಕಿರುಚಾಟಕ್ಕೆ ಕಾದಳು. ಅಂಗೈಯೊಳಗೆ ಮಗಳ ತಲೆ ನಡುಗುತ್ತಿತ್ತು, ಅಷ್ಟೇ. ಮತ್ತೆ ಗರ್—ಟಕ್. ಮತ್ತೆ. ಮೂವರೂ ಒಂದು ಮಿಕ್ಸಿಗೆ ಅಂಟಿಕೊಂಡು ಬೆವರಿದರು, ಆದರೂ ಕಾಯಿ ಹಲ್ಲಿಗೆ ಸಿಗುವಂತೆಯೇ ಉಳಿದಿತ್ತು.

“ದಿನಾ ಇಂಗೇನಾ?” ಎಂದರು ಗೌರಮ್ಮ.

“ಹೂಂ ಅತ್ತೆ. ದಿನಾ.”

ಯಶೋಧಾಳ ಭುಜ ಸೋತು ತೋಳುಗಳು ಕೆಳಗೆ ಬಿದ್ದವು. ಮೋನಿಷಾ ತಿರುಗಿ ನೋಡದೆಯೇ ಆ ಎರಡು ಕೈಗಳನ್ನು ಹುಡುಕಿ, ಎತ್ತಿ, ಮತ್ತೆ ತನ್ನ ಕಿವಿಗಳ ಮೇಲಿಟ್ಟುಕೊಂಡಳು.