ಸಾಹುಕಾರರು ಸಾಕಿದ ನನ್ನ ಮೀನುಗಳು

ಮೊನ್ನೆ ಅರಸೀಕೆರೆಯಲ್ಲಿ ಬಸ್ಸು ನಿಂತಾಗ ಎದುರಿನ ಅಂಗಡಿಯವನು ಕಡ್ಲೆಪುರಿಯ ಹೊಸ ಮೂಟೆ ಬಿಚ್ಚಿದ. ಬಿಸಿ ಮರಳಿನಂಥ ಆ ವಾಸನೆ ಕಿಟಕಿಯಿಂದ ಒಳಗೆ ಬಂತು. ಯಾರೋ ಟಿಕೆಟ್ ಕೇಳುತ್ತಿದ್ದರು, ನನಗೆ ಕೇಳಿಸಲಿಲ್ಲ. ಹಳೇಬೀಡಿನ ಸಾಹುಕಾರರು ನೆನಪಾದರು. ಅವರ ಹಿಂದೆಯೇ ಹಳೆಯ ಸಿಟ್ಟೂ ಬಂತು...

ಸಾಹುಕಾರರದು ಹಳೇಬೀಡಿನಲ್ಲಿ ದಿನಸಿ ಅಂಗಡಿ. ಜೈನರು. ಬಸದಿಗೆ ಹೋಗಿ ಬಂದ ಮೇಲೆಯೇ ಅಂಗಡಿ ಬಾಗಿಲು ತೆಗೆಯುತ್ತಿದ್ದರು. ಅವರ ತೆಂಗಿನ ತೋಟಕ್ಕೂ ನನ್ನ ಒಂದೂವರೆ ಎಕರೆಗೂ ನಡುವೆ ಒಂದು ತಂತಿ ಬೇಲಿ. ನಾನು ಅರಸೀಕೆರೆ–ಬೇಲೂರು ಬಸ್ಸಿನ ಕಂಡಕ್ಟರ್. ವಾರಕ್ಕೆ ಆರು ದಿನ ನಿಂತೇ ಇರುವವನಿಗೆ ಏಳನೆಯ ದಿನ ನೀರಿನ ಪಕ್ಕ ಗಾಳ ಹಾಕಿ ಸುಮ್ಮನೆ ಕೂರಬೇಕು ಅನ್ನುವುದೊಂದೇ ಆಸೆ. ಹೊರದೇಶದವರು ಸ್ವಂತ ಹೊಂಡಕ್ಕೆ ಬಾಸ್ ಅನ್ನುವ ಮೀನು ಬಿಟ್ಟು, ಕುರ್ಚಿ ಹಾಕಿಕೊಂಡು ಹಿಡಿಯುವುದನ್ನು ಫೋನಿನಲ್ಲಿ ನೋಡಿ ನೋಡಿ ತಲೆ ಕೆಟ್ಟಿತ್ತು. ಕೃಷಿ ಹೊಂಡ ತೋಡಿಸಿ ಪ್ಲಾಸ್ಟಿಕ್ ಹಾಳೆ ಹಾಸಿಸಿದೆ. ಮೀನು ಮರಿ ಮಾರುವವನು ಬಾಸ್ ಹೆಸರು ಕೇಳಿ ನಕ್ಕುಬಿಟ್ಟ. "ಅದೆಲ್ಲ ಇಲ್ಲಿ ಸಿಗಾಕಿಲ್ಲ ಕಣಣ್ಣೋ. ಕಾಟ್ಲಾ ಐತೆ, ರೋಹು ಐತೆ, ತಗೊಂಡೋಗಿ."

ನನ್ನ ಬೋರಿನಲ್ಲಿ ಹೊಂಡ ತುಂಬುವಷ್ಟು ನೀರಿರಲಿಲ್ಲ. ಸಾಹುಕಾರರನ್ನು ಕೇಳಿದೆ.

"ನೀರೇನೋ ಬಿಡ್ತೀನಿ ಕಂಡಕ್ಟ್ರೇ. ಮೀನು ಯಾಕೆ?"

"ಸುಮ್ನೆ ಸಾಕಾಣ ಅಂತ ಸಾವ್ಕಾರ್ರೇ."

ಅದು ಪೂರ್ತಿ ಸುಳ್ಳಲ್ಲ, ನಿಜವಂತೂ ಅಲ್ಲ. ಅವರು ನಂಬಿದರು. ಮರಿಗಳು ಬಂದ ದಿನ ಬೇಲಿ ದಾಟಿ ಬಂದರು. ಮರಿಗಳಿದ್ದ ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚದೆ ಅರ್ಧ ಗಂಟೆ ಹೊಂಡದ ಮೇಲೆ ತೇಲಿಬಿಟ್ಟಿದ್ದೆ. ಯಾಕೆ ಕಾಯಬೇಕು ಅಂತ ಕೇಳಿದರು. ಒಳಗಿನ ನೀರೂ ಹೊರಗಿನ ನೀರೂ ಒಂದೇ ಬಿಸಿಗೆ ಬರಬೇಕು, ಇಲ್ಲದಿದ್ದರೆ ಸಾಯುತ್ತವೆ ಅಂದೆ. ಆ ಅರ್ಧ ಗಂಟೆಯೂ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದು, ಆಮೇಲೆ ಒಂದೊಂದೇ ಚೀಲದ ಬಾಯನ್ನು ಅವರೇ ಬಿಚ್ಚಿದರು.

ವರ್ಷ ಕಳೆದು ಮೀನುಗಳು ಮೊಳಕೈ ಉದ್ದ ಆದವು. ರಜೆಯ ದಿನ ಗಾಳ ಹಿಡಿದು ಕೂತೆ. ಒಂದೂ ಕಚ್ಚಲಿಲ್ಲ. ಎರೆಹುಳು, ಮೈದಾ ಉಂಡೆ, ಹಿಂಡಿ, ಬೆಲ್ಲ ಕಲಸಿದ ಅವಲಕ್ಕಿ... ಕೊಕ್ಕೆ ಬದಲಾಯಿಸಿದೆ, ದಾರ ಬದಲಾಯಿಸಿದೆ, ಕೂರುವ ಜಾಗವನ್ನೂ ಬದಲಾಯಿಸಿದೆ. ಅವು ಕಣ್ಣೆದುರೇ ಹೊರಳಾಡುತ್ತ ಕೊಕ್ಕೆಯ ಪಕ್ಕದಲ್ಲೇ ಹಾದು ಹೋಗುತ್ತಿದ್ದವು. ಮೂರು ತಿಂಗಳು ಹೀಗೇ. ಹೆಂಡತಿ ಸಂತೆಯಿಂದ ಮೀನು ತರಿಸಿ ಸಾರು ಮಾಡಿ, "ಇದು ನಿಮ್ ಹೊಂಡದ್ದೇ ಅಂದ್ಕೊಂಡು ಉಣ್ಣಿ" ಅಂದಳು.

ಒಂದು ದಿನ ಡ್ಯೂಟಿ ಬದಲಾಗಿ ಬೆಳಿಗ್ಗೆಯೇ ಜಮೀನಿಗೆ ಹೋದೆ. ಸಾಹುಕಾರರು ಹೊಂಡದ ಏರಿಯ ಮೇಲೆ ನಿಂತಿದ್ದರು, ಕೈಯಲ್ಲಿ ಕಡ್ಲೆಪುರಿಯ ಚೀಲ. ಅವರು ಚೆಲ್ಲಿದಲ್ಲೆಲ್ಲ ಮೀನುಗಳು ನೀರು ಕುದಿಯುವ ಹಾಗೆ ಮುತ್ತಿಕೊಳ್ಳುತ್ತಿದ್ದವು.

"ಏನ್ ಸಾವ್ಕಾರ್ರೇ ಇದು?"

"ದಿನಾ ಹಾಕ್ತೀನಿ ಕಂಡಕ್ಟ್ರೇ," ಅಂದರು ಮೆಲ್ಲಗೆ. "ನಿಮ್ಮ ಗಾಳ ನೋಡ್ದೆ. ಹೊಂಡ ನಿಮ್ದು, ಬೇಡ ಅನ್ನೋಕೆ ನಾನ್ಯಾರು? ಹೊಟ್ಟೆ ತುಂಬಿದ್ರೆ ಕಚ್ಚಲ್ವಲ್ಲ, ಅದಕ್ಕೆ..."

ನನಗೆ ಮೈಯೆಲ್ಲ ಉರಿಯಿತು. "ನಿಮ್ ನೀರು ನಿಮ್ ತೋಟಕ್ಕೇ ಬಿಟ್ಕೊಳಿ. ನನ್ ಮೀನಿನ ತಂಟೆಗೆ ಬರಬ್ಯಾಡಿ!" ಅಂತ ಕೂಗಾಡಿದೆ. ಅವರು ಚೀಲದ ಬಾಯಿ ಮಡಚಿಕೊಂಡು, ತಂತಿ ಎತ್ತಿ ಬಗ್ಗಿ ದಾಟಿ ಹೋದರು.

ಹದಿನೈದು ದಿನಕ್ಕೆ ಮೀನು ಕಚ್ಚತೊಡಗಿದವು. ಮೊದಲ ಸಲ ಒಂದು ಕಾಟ್ಲಾ ಎಳೆದೆ. ಇಷ್ಟೆಲ್ಲ ಮಾಡಿದ್ದು ಅದಕ್ಕೇ ತಾನೇ? ಆದರೂ ದಡಕ್ಕೆ ತಂದ ಮೇಲೆ ಬೇಲಿಯ ಕಡೆ ನೋಡಿದೆ. ಯಾರೂ ಇರಲಿಲ್ಲ. ಅದಕ್ಕೂ ಸಿಟ್ಟು ಬಂತು.

ಆ ಬೇಸಿಗೆಯಲ್ಲಿ ನನ್ನ ಬೋರು ಬತ್ತಿತು. ಹೊಂಡ ಮಾತ್ರ ತಳ ಕಾಣಲಿಲ್ಲ. ಸಾಹುಕಾರರ ಪೈಪಿನಿಂದ ನೀರು ಬರುತ್ತಲೇ ಇತ್ತು, ಒಂದು ಮಾತಿಲ್ಲದೆ. ಬೈದು ಪೈಪು ಕಿತ್ತುಕೊಂಡಿದ್ದರೆ ನನಗೆ ಸಲೀಸಾಗುತ್ತಿತ್ತು. ತಪ್ಪಾಯಿತು ಅನ್ನಬೇಕೆಂದೇ ಎರಡು ಸಲ ಅಂಗಡಿಗೆ ಹೋದೆ. "ಏನ್ ಬೇಕು ಕಂಡಕ್ಟ್ರೇ?" ಅಂದರು, ಬೇರೆ ಗಿರಾಕಿಗಳನ್ನು ಕೇಳಿದ ಹಾಗೆಯೇ. ಒಂದು ಸಲ ಉಪ್ಪು ತಂದೆ, ಇನ್ನೊಂದು ಸಲ ಬೆಂಕಿಪೊಟ್ಟಣ.

ಮಳೆ ಹಿಡಿಯುವ ಹೊತ್ತಿಗೆ ಸಾಹುಕಾರರು ಹೋಗಿಬಿಟ್ಟರು. ಅಂಗಡಿಯಲ್ಲೇ ಎದೆನೋವು ಬಂದು, ಹಾಸನ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಮನೆಗೆ ಹೋದಾಗ ಅವರ ಹೆಂಡತಿ ನನ್ನ ಗುರುತು ಹಿಡಿದರು.

"ಕಂಡಕ್ಟ್ರು ಎರಡು ಸಲ ಏನೋ ಹೇಳೋಕೆ ಬಂದು ಹೇಳ್ದೇ ಹೋದ್ರು ಅಂತಿದ್ರು. ಏನ್ರೀ ಅದು?"

"ಏನಿಲ್ಲ ಅಮ್ಮ," ಅಂದೆ.

ಗಾಳ ಬಿಟ್ಟುಬಿಟ್ಟೆ ಎಂದು ಬರೆದರೆ ಓದುವವರಿಗೆ ಸಮಾಧಾನವಾಗಬಹುದು. ಬಿಟ್ಟಿಲ್ಲ. ಹೋದ ವರ್ಷ ಹೊಸ ಮರಿ ತಂದು ಬಿಟ್ಟೆ, ಈಗ ಚೆನ್ನಾಗಿ ಕಚ್ಚುತ್ತವೆ. ಪಕ್ಕದ ತೋಟ ಈಗ ಬೇರೆಯವರ ಕೈಯಲ್ಲಿದೆ. ನಾನು ಕೂತಿರುವುದು ಕಂಡರೆ ಬೇಲಿಗೆ ಬಂದು, ದೊಡ್ಡದು ಸಿಕ್ಕರೆ ನಮಗೂ ಒಂದು ಕೊಡಿ ಅನ್ನುತ್ತಾರೆ. ಕೊಡುತ್ತೇನೆ. ಅದು ಬದುಕಿಕೊಳ್ಳಲಿ ಅನ್ನುವವರು ಮಾತ್ರ ಆ ಕಡೆ ಯಾರೂ ಇಲ್ಲ.