ಆಸಿಡ್ ಮುಟ್ಟಿಸದ ಗೆರೆ

ಕಲ್ಲುಮಾವ ನಮ್ಮ ಬೀದಿಯಲ್ಲಿ ನಡೆದು ಹೋಗುತ್ತಿದ್ದರೆ ಹೆಂಗಸರ ಕೈ ತಂತಾನೇ ಕೊರಳಿಗೆ ಹೋಗುತ್ತಿತ್ತು. ಸರವನ್ನು ಬಟ್ಟೆಯೊಳಕ್ಕೆ ಸೇರಿಸಿ, ಏನೂ ಆಗದವರಂತೆ ಬೇರೆ ಕಡೆ ನೋಡುತ್ತಿದ್ದರು. ಅವರೇನು ಕಳ್ಳರಲ್ಲ. ಚಿನ್ನದ ಒರೆ ನೋಡಿ, ಇದು ಎಷ್ಟು ಚೊಕ್ಕ, ಎಷ್ಟು ಬೆರಕೆ ಎಂದು ಹೇಳುವುದು ಅವರ ಕಸುಬು. ಕಳ್ಳ ಬಂದರೆ ಸರ ಮಾತ್ರ ಹೋಗುತ್ತದೆ, ಇವರು ಕಣ್ಣು ಹಾಯಿಸಿದರೆ ಸರ ಕೊಟ್ಟವನ ಮೇಲಿನ ನಂಬಿಕೆಯೂ ಹೋದೀತು ಎಂಬ ಅಳುಕು ಎಲ್ಲರಿಗೂ.

ನನ್ನ ಟೈಲರ್ ಅಂಗಡಿ ಅವರ ಅಂಗಡಿಗೆ ಎದುರು. ಎರಡು ಸೈಕಲ್ ಎದುರುಬದುರಾದರೆ ಒಂದು ನಿಲ್ಲಬೇಕು, ಅಷ್ಟೇ ಅಗಲದ ಬೀದಿ. ಮಷಿನ್ ತುಳಿಯುತ್ತ ತಲೆ ಎತ್ತಿದರೆ ಮೊದಲು ಕಾಣುವುದು ಮೇಜಿನ ಮೇಲೆ ಬಗ್ಗಿದ ಅವರ ಬೋಳು ತಲೆ. ಬೀದಿಗೆಲ್ಲ ನಾನು ಟೈಲರಮ್ಮ, ಮೂಗಿನ ತುದಿಯಲ್ಲೇ ಕೋಪ. ಅವರಿಗೆ ಕೋಪವೂ ಇಲ್ಲ, ನಗುವೂ ಇಲ್ಲ. ಬೀದಿಯ ಮಕ್ಕಳು ಆ ಹೆಸರಿಟ್ಟದ್ದು ಮೇಜಿನ ಮೇಲಿನ ಕರಿಕಲ್ಲು ನೋಡಿಯೋ ಮುಖ ನೋಡಿಯೋ, ದೇವರೇ ಬಲ್ಲ.

ಆ ಕರಿಕಲ್ಲು ಅಂಗೈಯಷ್ಟು ಅಗಲ, ಗಾಜಿನ ಹಾಗೆ ನುಣುಪು. ಯಾರಾದರೂ ಬಳೆ ತಂದರೆ ಮೊದಲು ಒಳಮೈಯಲ್ಲಿ ಅರದಿಂದ ಸಣ್ಣದೊಂದು ಗೀರು ಹಾಕುವರು. ಮೇಲೆ ಬರೀ ಚಿನ್ನದ ನೀರು ಕುಡಿಸಿದ್ದರೆ ಅಲ್ಲೇ ಬಣ್ಣ ಬಯಲಾಗುತ್ತದೆ. ಬೆಸುಗೆಯ ಜಾಗ ತಪ್ಪಿಸಿ ಬಳೆಯನ್ನು ಕಲ್ಲಿಗೆ ಉಜ್ಜಿ ಒಂದು ಗೆರೆ ಎಳೆಯುವರು. ಪಕ್ಕದಲ್ಲೇ, ಎಷ್ಟು ಚೊಕ್ಕವೆಂದು ಮೊದಲೇ ಗೊತ್ತಿರುವ ಚಿನ್ನದ ಮೊನೆಯ ಕಡ್ಡಿಯಿಂದ ಇನ್ನೊಂದು ಗೆರೆ. ಎರಡರ ಬಣ್ಣ ಹೋಲಿಸಿ ನೋಡಿ, ಕೊನೆಗೆ ಗಾಜಿನ ಕಡ್ಡಿಯಲ್ಲಿ ಒಂದು ತೊಟ್ಟು ಆಸಿಡ್. ಬೆರಕೆ ಹೆಚ್ಚಿದ್ದರೆ ಗೆರೆ ಮಂಕಾಗಿ ಕರಗಿಹೋಗುತ್ತದೆ, ಚೊಕ್ಕವಾಗಿದ್ದರೆ ಕದಲುವುದಿಲ್ಲ. ಎಲ್ಲ ಮುಗಿದ ಮೇಲೆ ಮೇಣದ ಉಂಡೆಯೊಂದನ್ನು ಕಲ್ಲಿಗೆ ಒತ್ತಿ ಗೆರೆಯ ಪುಡಿಯನ್ನೆಲ್ಲ ಎತ್ತಿಕೊಳ್ಳುವರು.

ಇಷ್ಟು ಸಣ್ಣ ಗೆರೆಗೆ ಇಷ್ಟು ದೊಡ್ಡ ಮುಖ ಯಾಕೆ ಎಂದು ನಾನೊಮ್ಮೆ ರೇಗಿಸಿದ್ದೆ.

"ಮಾರೋಕೆ ಬರೋಳು ಕಷ್ಟಕ್ಕೆ ಬಿದ್ದಿರ್ತಾಳೆ. ಕೊಳ್ಳೋನು ಮುಖ ಪರಿಚಯ ಇಲ್ಲದೋನು. ಇಬ್ಬರೂ ನನ್ನ ಬಾಯಿ ನೋಡ್ತಾ ಕೂತಿರ್ತಾರೆ. ನಾನು ಒಬ್ಬರ ಕಡೆ ಕೂದಲೆಳೆಯಷ್ಟು ವಾಲಿದ್ರೂ ಇನ್ನೊಬ್ಬರ ಮನೆ ಮುಳುಗುತ್ತೆ," ಅಂದರು. ಅದೇ ಅವರು ನನ್ನೊಡನೆ ಆಡಿದ ಅತಿ ಉದ್ದದ ಮಾತು.

ಮದುವೆ ಆಗಿರಲಿಲ್ಲ. ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟೌ, ಒಂದು ತಟ್ಟೆ. ಎರಡನೆಯದೊಂದು ಕುರ್ಚಿ ಇತ್ತು, ಅದರ ಮೇಲೆ ಮಡಿಚಿದ ಬಟ್ಟೆ ಕೂತಿರುತ್ತಿತ್ತು. ಮದುವೆಗಳಿಗೆ ಜನ ಕರೆಯುತ್ತಿದ್ದರು, ಬಾರದಿದ್ದರೆ ಸಾಕಪ್ಪ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದರು. ಅದು ಅವರಿಗೂ ಗೊತ್ತು. ಉಡುಗೊರೆಯನ್ನು ನನ್ನ ಕೈಲಿ ಕಳಿಸಿ ತಾವು ಬಾಗಿಲು ಹಾಕಿಕೊಳ್ಳುತ್ತಿದ್ದರು. ಮದುವೆ ಊಟ ಮುಗಿಸಿ ನಾನು ತೇಗುತ್ತ ಬರುವಾಗ ಮೇಲಿನ ಕಿಟಕಿಯಲ್ಲಿ ಆ ಬೋಳು ತಲೆ ಕಂಡರೆ ತೇಗನ್ನು ಅಲ್ಲೇ ನುಂಗಿಕೊಳ್ಳುತ್ತಿದ್ದೆ.

ಹಾಗೆಂದು ಅವರಿಗೆ ಯಾರೂ ಇಲ್ಲವೆಂದಲ್ಲ. ಇದೇ ಊರಿನ ಆ ತುದಿಯಲ್ಲಿ ಒಡಹುಟ್ಟಿದ ತಂಗಿ ಇದ್ದಳು. ಅವಳ ಮದುವೆಯ ಮರುದಿನ, ಗಂಡ ಹಾಕಿದ ಸರ ಕೈಯಿಂದ ಕೈಗೆ ಹೋಗುತ್ತಿದ್ದಾಗ, ಯಾರೋ ತಮಾಷೆಗೆ "ಅಣ್ಣ ಒರೆ ನೋಡ್ಲಿ" ಅಂದರಂತೆ. ಆಗಷ್ಟೇ ಕಸುಬು ಕಲಿತಿದ್ದ ಅಣ್ಣನಿಗೆ ತಮಾಷೆ ಎಲ್ಲಿ ತಿಳಿಯಬೇಕು? ಕಲ್ಲು ತಂದು, ಗೆರೆ ಎಳೆದು, ಆಸಿಡ್ ಮುಟ್ಟಿಸಿ, ಬೀಗರೆಲ್ಲರ ಮುಂದೆ ಕಡ್ಡಿ ಮುರಿದಂತೆ ಹೇಳಿದರು. ಇದು ಇಪ್ಪತ್ತೆರಡು ಕ್ಯಾರೆಟ್ ಅಲ್ಲ, ಹದಿನಾಲ್ಕು. ಮದುಮಗ ತಲೆ ತಗ್ಗಿಸಿದ. ತಂಗಿ ಸರ ಕಿತ್ತುಕೊಂಡು, "ನೀನು ಒರೆಗೆ ಹಚ್ಚಿದ್ದು ಸರಾನಲ್ಲ, ನನ್ನ ಗಂಡನ್ನ," ಅಂದಳು. ಅವಳ ಮಕ್ಕಳು ಹುಟ್ಟಿದ್ದು, ಬೆಳೆದದ್ದು, ಬೇರೆ ಬೇರೆ ಮನೆ ಮಾಡಿದ್ದು ಎಲ್ಲವನ್ನೂ ಕಲ್ಲುಮಾವ ಬೇರೆಯವರ ಬಾಯಿಂದಲೇ ಕೇಳಿದರು.

ಹೋದ ವರ್ಷ ಆ ಗಂಡ ತೀರಿಕೊಂಡ. ಅದಾಗಿ ಕೆಲವು ತಿಂಗಳಿಗೆ ಒಂದು ಮಧ್ಯಾಹ್ನ ನರೆಗೂದಲ ಹೆಂಗಸೊಬ್ಬಳು ಎದುರಿನ ಅಂಗಡಿಯ ಮೆಟ್ಟಿಲು ಹತ್ತಿದಳು. ಕಾಜಾ ಹಾಕುತ್ತಿದ್ದ ನಾನು ಸೂಜಿ ನಿಲ್ಲಿಸಿದೆ, ಮೂಗು ಅವಳದೂ ಕಲ್ಲುಮಾವನದೂ ಒಂದೇ. ಅವಳು ಕೊರಳಿಂದ ಸರ ತೆಗೆದು ಮೇಜಿನ ಮೇಲಿಟ್ಟು, "ಅಣ್ಣ, ಒಂದು ಮಾತು ಹೇಳೋಕೆ ಬಂದೆ," ಅಂದಳು. ಅವರು ಮಾತಿಗೆ ಬಿಡಲಿಲ್ಲ. ಸರ ಎತ್ತಿಕೊಂಡು ಗೆರೆ ಎಳೆದರು. ಪಕ್ಕದಲ್ಲಿ ಇಪ್ಪತ್ತೆರಡರ ಕಡ್ಡಿಯ ಗೆರೆ. ಬಗ್ಗಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು.

"ಚೊಕ್ಕ ಇದೆ ಕಣೇ. ಅವತ್ತು ನಾನೇ ತಪ್ಪಿದೆ," ಅಂದರು.

ತಂಗಿ ಮುಖ ಮುಚ್ಚಿಕೊಂಡು ಅತ್ತಳು. ಅಣ್ಣ ಎದ್ದು ನಿಂತು, ಏನು ಮಾಡಬೇಕೆಂದು ತೋಚದೆ, ಅವಳ ತಲೆಯ ಮೇಲೆ ಕೈಯಿಟ್ಟರು. ಆಸಿಡ್ ಬಾಟಲಿಯ ಮುಚ್ಚಳ ತೆಗೆದಿರಲಿಲ್ಲ. ದಾರಿಹೋಕರ ಮೂಗುತಿಗೂ ತಪ್ಪದ ಆಸಿಡ್ಡು ತಂಗಿಯ ಸರಕ್ಕೆ ತಪ್ಪಿತು. ಆ ಗೆರೆಗಳನ್ನು ಮೇಣದಿಂದ ಎತ್ತಲೂ ಇಲ್ಲ. ಆ ಕಲ್ಲನ್ನು ಹಾಗೇ ಗೂಡಿನಲ್ಲಿಟ್ಟು ಹಳೆಯ ಇನ್ನೊಂದು ಕಲ್ಲನ್ನು ಮೇಜಿಗೆ ತಂದುಕೊಂಡರು.

ಅಂದಿನಿಂದ ಪ್ರತಿ ಭಾನುವಾರ ಊಟದ ಡಬ್ಬಿ ಹಿಡಿದು ತಂಗಿ ಬರತೊಡಗಿದಳು. ಎರಡನೆಯ ಕುರ್ಚಿಯ ಬಟ್ಟೆ ಮಂಚಕ್ಕೆ ಹೋಯಿತು. ಕಲ್ಲುಮಾವ ನನ್ನ ಬಳಿ ಹೊಸ ಬಿಳಿ ಅಂಗಿ ಹೊಲಿಸಿದರು. ತಂಗಿ ಬರುವ ದಿನ ಹಾಕಿಕೊಳ್ಳಲಿಕ್ಕೆ ಅಂತ ಬಾಯಿಬಿಟ್ಟು ಹೇಳಲಿಲ್ಲ, ನನಗೆ ಅಷ್ಟೂ ತಿಳಿಯದೆ?

ಅಂಗಿ ಒಯ್ದು ಕೊಟ್ಟಾಗ ಹಿಂದೆ ಮುಂದೆ ತಿರುಗಿಸಿ, "ಹಳೇ ಬಟ್ಟೆ ತಗಲಿಹಾಕಿದ್ಯಾ? ಹಳದಿ ಹೊಡೀತಿದೆ," ಅಂದರು. ನನಗೆ ಉರಿದುಹೋಯಿತು. ದಾರದ ಡಬ್ಬಿಯನ್ನೇ ಎತ್ತಿ ತಂದು ಮೇಜಿನ ಮೇಲೆ ಕುಕ್ಕಿದೆ. "ಬಿಳಿ ಯಾವುದು, ಕೆನೆ ಬಣ್ಣ ಯಾವುದು ತೋರಿಸಿ ನೋಡೋಣ, ಚಿನ್ನ ನೋಡೋ ಕಣ್ಣಲ್ವಾ ಅದು?" ಅವರು ಒಂದೊಂದೇ ಉಂಡೆ ಎತ್ತಿ ನೋಡಿದರು. ಬಿಳಿ, ಕೆನೆ, ತಿಳಿ ಹಳದಿ ಮೂರನ್ನೂ ಒಂದೇ ಕಡೆ ಇಟ್ಟರು. ನನ್ನ ಕೋಪ ಇಳಿದುಹೋಯಿತು. ಕಣ್ಣಿಗೆ ಪೊರೆ ಬಂದಿತ್ತು. ಲೋಕದ ಹಳದಿಯೆಲ್ಲ ಅವರಿಗೆ ಒಂದೇ ಹಳದಿಯಾಗಿತ್ತು. ಗಿರಾಕಿಗಳಲ್ಲಿ ಹೆಚ್ಚಿನವರು ದೊಡ್ಡ ಬೀದಿಯಲ್ಲಿ ಮಷಿನ್ನಿನಿಂದ ಚಿನ್ನ ನೋಡುವ ಅಂಗಡಿಗೆ ಹೋಗಿಬಿಟ್ಟಿದ್ದರು, ಉಳಿದವರನ್ನು ಆಸಿಡ್ ಕಾಪಾಡಿತ್ತು. ಅದೊಂದು ಸರ ಮಾತ್ರ ಬರೀ ಕಣ್ಣಿನ ಮೇಲೆ ಪಾಸಾಗಿತ್ತು.

ಆಪರೇಷನ್ನಿಗೆ ಕರೆದುಕೊಂಡು ಹೋಗಲು ತಂಗಿಯೇ ಬಂದಳು. ಅಣ್ಣ ಬಟ್ಟೆ ಬದಲಿಸುವ ತನಕ ನನ್ನ ಅಂಗಡಿಯಲ್ಲಿ ಕೂತಳು. ಸರ ಹಿಡಿದುಕೊಂಡು ಮೆಲ್ಲಗೆ ಹೇಳಿದಳು.

"ಟೈಲರಮ್ಮ, ಇದು ಹದಿನಾಲ್ಕೇ. ಇಲ್ಲಿಗೆ ಬರೋ ಮೊದಲೇ ಮಷಿನ್ ಅಂಗಡೀಲಿ ನೋಡಿಸಿದ್ದೆ. ನಮ್ಮೋರಿಗೂ ಯಾರೋ ಮೋಸ ಮಾಡಿ ಮಾರಿದ್ರು, ಪಾಪ. ಅಣ್ಣ ನೀನು ಹೇಳಿದ್ದೇ ನಿಜ, ನನ್ನ ಕ್ಷಮಿಸು ಅನ್ನೋಣ ಅಂತ ಬಂದೆ. ಅಷ್ಟರಲ್ಲಿ ಅವನೇ ಚೊಕ್ಕ ಅಂದುಬಿಟ್ಟ. ಹುಟ್ಟಿದಾಗಿಂದ ಒಂದು ಸುಳ್ಳು ಹೇಳಿದೋನಲ್ಲ. ನನಗೋಸ್ಕರ ಹೇಳಿದ. ಈಗ ನನಗೆ ಇನ್ನೇನೂ ಬೇಡ."

ನಾನು ಮಷಿನ್‌ಗೆ ಎಣ್ಣೆ ಬಿಟ್ಟೆ. ಬೇಡದಿದ್ದರೂ ಬಿಟ್ಟೆ.

ಕಣ್ಣಿನ ಪಟ್ಟಿ ಬಿಚ್ಚಿ ಸ್ವಲ್ಪ ದಿನವಾದ ಮೇಲೆ, ಒಂದು ಶನಿವಾರ, ಅವರು ಗೂಡಿನ ಕಲ್ಲು ಹಿಡಿದು ನನ್ನ ಅಂಗಡಿಗೆ ಬಂದರು. ಅವರು ನನ್ನ ಹೊಸ್ತಿಲು ದಾಟಿದ್ದು ಅದೇ ಮೊದಲು. ಕಡ್ಡಿಯ ಗೆರೆ ಹಾಗೇ ಇತ್ತು. ತಂಗಿಯ ಗೆರೆ ಇದ್ದ ಕಡೆ ಕರಿಕಲ್ಲು ಮಾತ್ರ ಇತ್ತು.

"ಬೆಳಗ್ಗೆ ತೆಗೆದು ನೋಡಿದೆ, ಕೆಂಪಗೆ ಕಾಣ್ತು. ಆಸಿಡ್ ಮುಟ್ಟಿಸಿದೆ. ಹೋಯ್ತು," ಅಂದರು. "ನಾಳೆ ಬರ್ತಾಳೆ. ಹೇಳಿಬಿಡ್ತೀನಿ. ಆಮೇಲೆ ಅವಳು ಬರದೇ ಹೋದ್ರೂ ಸರಿ."

ಇನ್ನು ಬಾಯಿಗೆ ಬೀಗ ಹಾಕಿಕೊಂಡರೆ ನಾನು ಮನುಷ್ಯಳೇ ಅಲ್ಲ ಎನಿಸಿ ಎಲ್ಲವನ್ನೂ ಹೇಳಿದೆ. ಅವಳಿಗೆ ಮೊದಲೇ ಗೊತ್ತಿದ್ದದ್ದು, ಅವಳು ಹಿಡಿದುಕೊಂಡು ಬದುಕುತ್ತಿರುವುದು ಸರವನ್ನಲ್ಲ, ಅಣ್ಣ ತನಗಾಗಿ ಹೇಳಿದ ಒಂದು ಸುಳ್ಳನ್ನು ಎಂಬುದು. "ಕಣ್ಣು ಮಂಜಾಗಿತ್ತು, ಅದಕ್ಕೆ ಹಾಗಂದೆ ಅಂತ ಹೇಳಿದ್ರೆ ಅವಳ ಕೈಲಿ ಏನೂ ಉಳಿಯಲ್ಲ ಮಾವ," ಅಂದೆ.

ಅವರು ಕಲ್ಲನ್ನು ಜೇಬಿಗೆ ಹಾಕಿಕೊಂಡರು. "ಹಾಗಾದ್ರೆ ನಾನು ಹೇಳದೇ ಇರೋ ಸುಳ್ಳನ್ನ ನೋಡೋಕೆ ಬರ್ತಾ ಇದ್ದಾಳೆ," ಎಂದು ತಮಗೆ ತಾವೇ ಹೇಳಿಕೊಂಡು ಹೋದರು.

ಮರುದಿನ ನಾನು ಕೆಲಸವಿಲ್ಲದಿದ್ದರೂ ಅಂಗಡಿ ತೆರೆದೆ. ತಂಗಿ ಎದುರಂಗಡಿಯ ಮೇಜಿನ ಮೇಲೆ ಡಬ್ಬಿಯಿಟ್ಟು, ಅಣ್ಣನ ಗಲ್ಲ ಹಿಡಿದು ಕಣ್ಣುಗಳನ್ನು ಪರೀಕ್ಷಿಸಿದಳು. "ಎಲ್ಲ ನಿಚ್ಚಳ ಕಾಣುತ್ತಾ?"

"ಕಾಣುತ್ತೆ."

ಅವಳು ಕೊರಳ ಸರವನ್ನು ಎರಡು ಬೆರಳಲ್ಲಿ ಎತ್ತಿ, ಅರ್ಧ ತಮಾಷೆಗೆ, ಅರ್ಧ ಅಂಜುತ್ತ, "ಇದು?" ಅಂದಳು.

ಅವರು ನೋಡಿದರು. ಈ ಬೀದಿಯಲ್ಲಿ ಬೇರೆ ಯಾರೂ ಚಿನ್ನವನ್ನು ಹಾಗೆ ನೋಡಲಾರರು. ಹದಿನಾಲ್ಕರ ಕೆಂಪು ಅವರಿಗೆ ಕಂಡೇ ಕಂಡಿತು, ಅದು ನನಗೆ ಇಲ್ಲಿಂದಲೇ ಗೊತ್ತಾಯಿತು.

"ಅಪ್ಪಟ ಚೊಕ್ಕ," ಅಂದರು.

ತಂಗಿ ನಕ್ಕು ಡಬ್ಬಿ ಬಿಚ್ಚಿದಳು.

ಸೋಮವಾರ ಅವರು ಅಂಗಡಿಯ ಬೋರ್ಡು ಇಳಿಸಿದರು. ಎರಡೂ ಕಲ್ಲುಗಳನ್ನು ನನಗೆ ತಂದುಕೊಟ್ಟು, ಬಟ್ಟೆ ಕತ್ತರಿಸುವಾಗ ಹಾರದಂತೆ ಇಟ್ಟುಕೋ ಅಂದರು. ನಾನು ಜಗಳಕ್ಕೇ ನಿಂತೆ. "ಒಂದು ಮಾತಿಗೆ ಇಷ್ಟು ದೊಡ್ಡ ಶಿಕ್ಷೆನಾ?"

"ಗೊತ್ತಿದ್ದೂ ಬೇರೆ ಹೇಳಿದ ಬಾಯಿ ಇದು. ಇನ್ಮೇಲೆ ಅಲ್ಲಿ ಕೂತು ಹೇಳಿದ್ರೆ ನನಗೇ ನಂಬಿಕೆ ಬರಲ್ಲ," ಅಂದರು. ದನಿಯಲ್ಲಿ ಬೇಸರವಿರಲಿಲ್ಲ, ಒರೆ ನೋಡಿ ಹೇಳುವ ಅದೇ ಸಪ್ಪೆ ದನಿ.

ಭಾನುವಾರ ತಂಗಿ ಬರುತ್ತಾಳೆ. ಉಳಿದ ದಿನ ಅವರು ಮೇಜಿಲ್ಲದ ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಂಡಿಯ ಮೇಲಿಟ್ಟುಕೊಂಡು ಬೀದಿ ನೋಡುತ್ತಾರೆ. ಹೆಂಗಸರು ಈಗ ಸರ ಮುಚ್ಚಿಕೊಳ್ಳುವುದಿಲ್ಲ. ಮೊನ್ನೆ ಹೊಸದಾಗಿ ಮದುವೆಯಾದವಳೊಬ್ಬಳು ಮೈಮೇಲೆ ಹೊಳೆಯುವುದನ್ನೆಲ್ಲ ಹಾಕಿಕೊಂಡು ಬಂದು, ಅವರ ಮುಂದೆಯೇ ನಿಂತು ಬಸ್ ನಿಲ್ದಾಣದ ದಾರಿ ಕೇಳಿದಳು. ಅವರು ತಲೆ ತಗ್ಗಿಸಿಕೊಂಡೇ ಕೈ ಚಾಚಿ ದಾರಿ ತೋರಿಸಿದರು.